ಕಣ್ಣು ಹೊರಚಾಚಿದರೆ ಥೈರಾಯ್ಡ್ ಒಂದೇ ಕಾರಣವಲ್ಲ

ಥೈರಾಯ್ಡ್ ನೇತ್ರರೋಗ ಮತ್ತು ರಕ್ತನಾಳದ ದೋಷ: ಒಂದೇ ಲಕ್ಷಣ, ಬೇರೆ ಬೇರೆ ಚಿಕಿತ್ಸೆ

ಕಣ್ಣುಗುಡ್ಡೆ ಹೊರಚಾಚಿದಂತೆ ಕಾಣುವುದು, ಬಿಳಿಭಾಗ ಕೆಂಪಾಗುವುದು, ರೆಪ್ಪೆ ಊದಿಕೊಳ್ಳುವುದು, ಎದುರಿನ ವಸ್ತು ಎರಡಾಗಿ ತೋರುವುದು. ಈ ಲಕ್ಷಣಗಳು ಒಟ್ಟಾಗಿ ಕಂಡುಬಂದಾಗ ವೈದ್ಯರ ಅನುಮಾನ ಮೊದಲು ಹರಿಯುವುದು ಥೈರಾಯ್ಡ್ ನೇತ್ರರೋಗದ ಕಡೆಗೆ. ವಯಸ್ಕರಲ್ಲಿ ಒಂದು ಕಣ್ಣಾಗಲಿ ಎರಡೂ ಕಣ್ಣುಗಳಾಗಲಿ ಹೊರಚಾಚಲು ಅತ್ಯಂತ ಸಾಮಾನ್ಯ ಕಾರಣ ಅದೇ ಆಗಿರುವುದರಿಂದ ಈ ಅನುಮಾನ ಸಹಜವೂ ಹೌದು, ಬಹುಪಾಲು ಸಂದರ್ಭಗಳಲ್ಲಿ ಸರಿಯೂ ಹೌದು.

ಆದರೆ ಇವೇ ಲಕ್ಷಣಗಳನ್ನು ಹೊತ್ತು ಬರುವ ಇನ್ನೊಂದು ಗುಂಪಿನ ಕಾಯಿಲೆಗಳಿವೆ. ಕಣ್ಣಿನ ಹಿಂಬದಿಯ ರಕ್ತನಾಳಗಳಲ್ಲಿ ಉಂಟಾಗುವ ದೋಷಗಳು ಅವು. ಸಂಖ್ಯೆಯಲ್ಲಿ ಇವು ವಿರಳ. ಆದರೆ ಗುರುತಿಸುವಲ್ಲಿ ವಿಳಂಬವಾದರೆ ದೃಷ್ಟಿಗೆ, ಕೆಲವೊಮ್ಮೆ ಜೀವಕ್ಕೇ ಅಪಾಯ ತರಬಲ್ಲವು. ಥೈರಾಯ್ಡ್ ನೇತ್ರರೋಗಕ್ಕೆ ನೀಡುವ ಸ್ಟೆರಾಯ್ಡ್ ಚಿಕಿತ್ಸೆ ಈ ಕಾಯಿಲೆಗಳ ಮೂಲವನ್ನು ಮುಟ್ಟುವುದಿಲ್ಲ. ಅಮೂಲ್ಯ ಸಮಯ ಕಳೆಯುವುದಲ್ಲದೆ, ಮಧುಮೇಹವಿರುವ ರೋಗಿಗೆ ಸ್ಟೆರಾಯ್ಡ್‌ನಿಂದ ಹೆಚ್ಚುವರಿ ತೊಂದರೆಯೂ ಆಗಬಹುದು. ಆದ್ದರಿಂದ ಇವೆರಡರ ನಡುವಿನ ವ್ಯತ್ಯಾಸವನ್ನು ರೋಗಿಯೂ ಆತನ ಮನೆಯವರೂ ಸ್ಥೂಲವಾಗಿಯಾದರೂ ಅರಿತಿರುವುದು ಒಳಿತು.

ಥೈರಾಯ್ಡ್ ನೇತ್ರರೋಗ ಎಂದರೇನು?

ಡಬ್ಲಿನ್‌ನ ವೈದ್ಯ ರಾಬರ್ಟ್ ಗ್ರೇವ್ಸ್ 1835ರಲ್ಲಿ, ಜರ್ಮನಿಯ ವೈದ್ಯ ಕಾರ್ಲ್ ಫಾನ್ ಬಾಸೆಡೋ 1840ರಲ್ಲಿ ಈ ರೋಗವನ್ನು ಪ್ರತ್ಯೇಕವಾಗಿ ವರ್ಣಿಸಿದರು. ಕುತ್ತಿಗೆಯಲ್ಲಿ ಊತ, ಎದೆಬಡಿತದ ವೇಗ, ಹೊರಚಾಚಿದ ಕಣ್ಣು ಎಂಬ ಮೂರು ಲಕ್ಷಣಗಳು ಅಂದಿನಿಂದಲೂ ವೈದ್ಯಕೀಯ ವಿದ್ಯಾರ್ಥಿಗಳಿಗೆ ಪಾಠವಾಗಿವೆ.

ದೇಹವನ್ನು ರಕ್ಷಿಸಬೇಕಾದ ಪ್ರತಿರಕ್ಷಾ ವ್ಯವಸ್ಥೆಯೇ ದಾರಿ ತಪ್ಪಿ ಥೈರಾಯ್ಡ್ ಗ್ರಂಥಿಯ ಮೇಲೆ ಎರಗುವುದು ಈ ರೋಗದ ಮೂಲ. ಗ್ರಂಥಿಯನ್ನು ಕೆರಳಿಸುವ ಪ್ರತಿಕಾಯಗಳೇ ಕಣ್ಣುಗುಳಿಯೊಳಗಿನ ಕೊಬ್ಬು ಮತ್ತು ಸ್ನಾಯುಗಳ ಸುತ್ತಲಿನ ಜೀವಕೋಶಗಳನ್ನೂ ಕೆರಳಿಸುತ್ತವೆ. ಸ್ನಾಯುಗಳು ದಪ್ಪವಾಗುತ್ತವೆ, ಕೊಬ್ಬು ಹೆಚ್ಚುತ್ತದೆ. ಕಣ್ಣುಗುಳಿಯ ಸುತ್ತ ಎಲುಬಿನ ಗೋಡೆ ಇರುವುದರಿಂದ ಹಿಗ್ಗಲು ಜಾಗವಿಲ್ಲ. ಕಣ್ಣುಗುಡ್ಡೆ ಮುಂದಕ್ಕೆ ತಳ್ಳಲ್ಪಡುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಅಯೋಡಿನ್ ಕೊರತೆಯಿಂದ ಬರುವ ಗಳಗಂಡವೇ ಬೇರೆ, ಕಣ್ಣನ್ನು ಕಾಡುವ ಗ್ರೇವ್ಸ್ ರೋಗವೇ ಬೇರೆ. ಅಯೋಡಿನ್‌ಯುಕ್ತ ಉಪ್ಪು ಬಳಸುವವರಿಗೂ ಈ ರೋಗ ಬರುತ್ತದೆ. ಉಪ್ಪು ಬದಲಿಸುವುದರಿಂದ ಇದು ಗುಣವಾಗುವುದಿಲ್ಲ.

ಮಹಿಳೆಯರಲ್ಲಿ ಈ ರೋಗ ಹೆಚ್ಚು. ಪುರುಷರಲ್ಲಿ ಮತ್ತು ವಯಸ್ಸಾದವರಲ್ಲಿ ಬಂದಾಗ ತೀವ್ರತೆ ಹೆಚ್ಚು. ಬೀಡಿ, ಸಿಗರೇಟು ಸೇದುವವರಲ್ಲಿ ರೋಗ ಬರುವ ಸಂಭವವೂ ಉಲ್ಬಣಿಸುವ ಸಂಭವವೂ ಹಲವು ಪಟ್ಟು ಅಧಿಕ. ಸಾಮಾನ್ಯವಾಗಿ ಆರರಿಂದ 18 ತಿಂಗಳ ಕಾಲ ಉರಿಯೂತದ ಸಕ್ರಿಯ ಹಂತವಿದ್ದು, ನಂತರ ರೋಗ ಒಂದು ಸ್ಥಿತಿಗೆ ಬಂದು ನಿಲ್ಲುತ್ತದೆ.

ರಕ್ತನಾಳದ ದೋಷಗಳು ಯಾವುವು?

ಕಣ್ಣುಗುಳಿಯ ಹಿಂದೆ, ಮೆದುಳಿನ ತಳಭಾಗದಲ್ಲಿ, ಎಡಕ್ಕೊಂದು ಬಲಕ್ಕೊಂದರಂತೆ ಕ್ಯಾವರ್ನಸ್ ಸೈನಸ್ ಎಂಬ ಅಶುದ್ಧ ರಕ್ತದ ಸಂಗ್ರಹ ಸ್ಥಳಗಳಿವೆ. ಕಣ್ಣಿನಿಂದ ಹಿಂದಿರುಗುವ ರಕ್ತ ಇಲ್ಲಿಗೇ ಬಂದು ಸೇರುತ್ತದೆ. ವಿಶೇಷವೆಂದರೆ ಮೆದುಳಿಗೆ ಶುದ್ಧ ರಕ್ತ ಒಯ್ಯುವ ಕೆರೋಟಿಡ್ ಅಪಧಮನಿ ಇದೇ ಸೈನಸ್‌ನ ಒಳಗಿನಿಂದಲೇ ಹಾದು ಹೋಗುತ್ತದೆ. ಕಣ್ಣಿನ ಚಲನೆಯನ್ನು ನಿಯಂತ್ರಿಸುವ ನರಗಳೂ ಇಲ್ಲಿಂದಲೇ ಸಾಗುತ್ತವೆ.

ಅಪಧಮನಿಯಲ್ಲಿ ಒತ್ತಡ ಹೆಚ್ಚು, ಸೈನಸ್‌ನಲ್ಲಿ ಕಡಿಮೆ. ಅಪಧಮನಿಯ ಗೋಡೆ ಹರಿದು ಇವೆರಡರ ನಡುವೆ ಕಿಂಡಿ ಬಿದ್ದರೆ, ಮುಖ್ಯ ನೀರಿನ ಕೊಳವೆ ಒಡೆದು ಚರಂಡಿಗೆ ನುಗ್ಗಿದಂತಾಗುತ್ತದೆ. ಚರಂಡಿ ತುಂಬಿ ಮನೆಯ ಬಚ್ಚಲಿಗೇ ನೀರು ಹಿಂದಿರುಗುವಂತೆ, ಸೈನಸ್ ತುಂಬಿ ರಕ್ತ ಕಣ್ಣಿನ ಕಡೆಗೇ ಹಿಮ್ಮುಖವಾಗಿ ಹರಿಯುತ್ತದೆ. ಇದನ್ನು ಕೆರೋಟಿಡ್-ಕ್ಯಾವರ್ನಸ್ ಫಿಸ್ಟುಲಾ ಎನ್ನುತ್ತಾರೆ. ಥೈರಾಯ್ಡ್ ನೇತ್ರರೋಗವೆಂದು ಭ್ರಮೆ ಹುಟ್ಟಿಸುವ ರಕ್ತನಾಳ ದೋಷಗಳಲ್ಲಿ ಪ್ರಮುಖವಾದುದು ಇದೇ. ಲಂಡನ್ನಿನ ಶಸ್ತ್ರವೈದ್ಯ ಬೆಂಜಮಿನ್ ಟ್ರಾವರ್ಸ್ 19ನೇ ಶತಮಾನದ ಆರಂಭದಲ್ಲೇ ಮಿಡಿಯುವ ಹೊರಚಾಚಿದ ಕಣ್ಣಿಗೆ ಕುತ್ತಿಗೆಯ ಅಪಧಮನಿ ಕಟ್ಟಿ ಚಿಕಿತ್ಸೆ ನೀಡಿದ್ದರು.

1985ರಲ್ಲಿ ಬ್ಯಾರೋ ಮತ್ತು ಸಂಗಡಿಗರು ರೂಪಿಸಿದ ವರ್ಗೀಕರಣದಲ್ಲಿ ನಾಲ್ಕು ಪ್ರಕಾರಗಳಿವೆ. ಪ್ರಾಯೋಗಿಕವಾಗಿ ಇವನ್ನು ಎರಡು ಗುಂಪಾಗಿ ತಿಳಿದರೆ ಸಾಕು.

ನೇರ ಫಿಸ್ಟುಲಾ: ಮುಖ್ಯ ಅಪಧಮನಿಯೇ ಹರಿದು ಉಂಟಾಗುವಂಥದು. ಬಹುಪಾಲು ತಲೆಗೆ ಬಿದ್ದ ಪೆಟ್ಟಿನ ಪರಿಣಾಮ. ಲಕ್ಷಣಗಳು ತೀವ್ರ. ಪೆಟ್ಟು ಬಿದ್ದ ಕೂಡಲೇ ಕಾಣಬಹುದು, ಕೆಲ ದಿನ ಅಥವಾ ವಾರಗಳ ನಂತರವೂ ಕಾಣಿಸಿಕೊಳ್ಳಬಹುದು.

ಪರೋಕ್ಷ ಫಿಸ್ಟುಲಾ: ಮೆದುಳಿನ ಹೊದಿಕೆಯ ಸಣ್ಣ ಅಪಧಮನಿಗಳಿಂದ ನಿಧಾನವಾಗಿ ರಕ್ತ ಸೇರುವಂಥದು. ಮುಟ್ಟು ನಿಂತ ಮಹಿಳೆಯರಲ್ಲಿ, ಅಧಿಕ ರಕ್ತದೊತ್ತಡ ಇರುವವರಲ್ಲಿ ಹೆಚ್ಚು. ಯಾವ ಪೆಟ್ಟಿನ ಇತಿಹಾಸವೂ ಇರುವುದಿಲ್ಲ. ಕಣ್ಣು ಕೆಂಪಾಗಿ ತಿಂಗಳುಗಟ್ಟಲೆ ಹಾಗೇ ಉಳಿಯುತ್ತದೆ. ಕಣ್ಣುಬೇನೆ ಎಂದು ಹನಿಮದ್ದು ಹಾಕುತ್ತ ಕಾಲ ಕಳೆಯುವುದು, ಥೈರಾಯ್ಡ್ ಎಂದು ಭಾವಿಸುವುದು ಹೆಚ್ಚಾಗಿ ಈ ಗುಂಪಿನಲ್ಲೇ.

ಇವಲ್ಲದೆ ಇನ್ನೆರಡನ್ನು ನೆನಪಿಡಬೇಕು. ಕಣ್ಣುಗುಳಿಯ ಅಭಿಧಮನಿಗಳು ಉಬ್ಬಿಕೊಳ್ಳುವ ವೇರಿಕ್ಸ್ ಎಂಬ ದೋಷದಲ್ಲಿ, ಬಗ್ಗಿದಾಗ, ಕೆಮ್ಮಿದಾಗ, ಭಾರ ಎತ್ತಿದಾಗ ಕಣ್ಣು ಮುಂದೆ ಬಂದು, ನೆಟ್ಟಗೆ ನಿಂತಾಗ ಮತ್ತೆ ಒಳಗೆ ಹೋಗುತ್ತದೆ. ಕ್ಯಾವರ್ನಸ್ ಸೈನಸ್‌ನಲ್ಲಿ ರಕ್ತ ಹೆಪ್ಪುಗಟ್ಟುವುದು ಎರಡನೆಯದು. ಮೂಗು ಅಥವಾ ಮೇಲ್ದುಟಿಯ ಮೇಲಿನ ಕುರುವನ್ನು ಹಿಸುಕುವುದು, ಸೈನಸ್ ಸೋಂಕು ಮುಂತಾದವುಗಳಿಂದ ಇದು ಬರಬಹುದು. 2021ರಲ್ಲಿ ಕೋವಿಡ್ ಎರಡನೇ ಅಲೆಯ ಬೆನ್ನಿಗೇ ಬಂದ ಕಪ್ಪು ಶಿಲೀಂಧ್ರ ರೋಗ ಮೂಗಿನಿಂದ ಕಣ್ಣಿಗೆ, ಕಣ್ಣಿನಿಂದ ಈ ಸೈನಸ್‌ಗೆ ಹರಡಬಲ್ಲದೆಂಬುದು ರಾಜ್ಯದ ಜನರಿಗೆ ಅನುಭವದಿಂದಲೇ ತಿಳಿದಿದೆ. ಜ್ವರ, ತೀವ್ರ ತಲೆನೋವು, ಒಂದು ಕಣ್ಣಿನಿಂದ ಇನ್ನೊಂದಕ್ಕೆ ವೇಗವಾಗಿ ಹಬ್ಬುವ ಊತ ಇದರ ಗುರುತು. ಇದು ತುರ್ತು ಸ್ಥಿತಿ.

ವ್ಯತ್ಯಾಸ ತೋರುವ ಗುರುತುಗಳು

ರೆಪ್ಪೆ: ಥೈರಾಯ್ಡ್ ನೇತ್ರರೋಗದ ಅತ್ಯಂತ ಸಾಮಾನ್ಯ ಗುರುತು ಮೇಲ್ರೆಪ್ಪೆ ಮೇಲಕ್ಕೆ ಸರಿದು ನಿಲ್ಲುವುದು. ಕಪ್ಪುಭಾಗದ ಮೇಲೆ ಬಿಳಿಯ ಪಟ್ಟಿ ಕಾಣುತ್ತದೆ. ಸದಾ ದಿಟ್ಟಿಸಿ ನೋಡುತ್ತಿರುವ ಭಾವ. ಕೆಳಗೆ ನೋಡಿದಾಗ ರೆಪ್ಪೆ ಕಣ್ಣಿನ ಜೊತೆಗೆ ಇಳಿಯದೆ ಹಿಂದೆ ಉಳಿಯುತ್ತದೆ. ಫಿಸ್ಟುಲಾದಲ್ಲಿ ಹೀಗಾಗುವುದಿಲ್ಲ. ಊತದಿಂದಲೋ ನರದ ದೌರ್ಬಲ್ಯದಿಂದಲೋ ರೆಪ್ಪೆ ಜೋತುಬೀಳಬಹುದು. ಹೊರಚಾಚಿದ ಕಣ್ಣಿನ ಮೇಲೆ ರೆಪ್ಪೆ ಜೋತುಬಿದ್ದಿದ್ದರೆ ಥೈರಾಯ್ಡ್ ಒಂದೇ ಕಾರಣವೆಂದು ಸುಮ್ಮನಾಗಬಾರದು.

ಕೆಂಪು: ಥೈರಾಯ್ಡ್ ರೋಗದಲ್ಲಿ ಕೆಂಪು ಹೆಚ್ಚಾಗಿ ಕಣ್ಣಿನ ಎರಡೂ ಪಕ್ಕಗಳಲ್ಲಿ, ಸ್ನಾಯು ಅಂಟಿಕೊಳ್ಳುವ ಜಾಗದಲ್ಲಿ ದಟ್ಟವಾಗಿರುತ್ತದೆ. ಫಿಸ್ಟುಲಾದಲ್ಲಿ ರಕ್ತನಾಳಗಳು ಒಂದೊಂದೂ ಹಿಗ್ಗಿ, ಸುರುಳಿ ಸುರುಳಿಯಾಗಿ, ಕಪ್ಪುಭಾಗದ ಅಂಚಿನವರೆಗೂ ಸುತ್ತಲೂ ಹರಡಿರುತ್ತವೆ. ಪಿಸುರು, ತುರಿಕೆ ಇರುವುದಿಲ್ಲ. ಹನಿಮದ್ದಿಗೆ ಬಗ್ಗುವುದೂ ಇಲ್ಲ.

ಮಿಡಿತ ಮತ್ತು ಶಬ್ದ: ಕಣ್ಣು ನಾಡಿಯ ಲಯದಲ್ಲೇ ಮಿಡಿಯುವುದು, ತಲೆಯೊಳಗೆ ಅದೇ ಲಯದಲ್ಲಿ 'ಹುಶ್ ಹುಶ್' ಎಂಬ ಸದ್ದು ಕೇಳುವುದು ಫಿಸ್ಟುಲಾದ ಪ್ರಮುಖ ಸೂಚನೆ. ರಾತ್ರಿ ನಿಶ್ಶಬ್ದದಲ್ಲಿ ಈ ಸದ್ದು ಸ್ಪಷ್ಟ. ವೈದ್ಯರು ಮುಚ್ಚಿದ ರೆಪ್ಪೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟಾಗ ಅವರಿಗೂ ಕೇಳಬಹುದು. ಥೈರಾಯ್ಡ್ ರೋಗದಲ್ಲಿ ಕಣ್ಣು ಮಿಡಿಯುವುದಿಲ್ಲ. ಆದರೆ ಪರೋಕ್ಷ ಫಿಸ್ಟುಲಾದಲ್ಲಿ ಮಿಡಿತವೂ ಸದ್ದೂ ಇಲ್ಲದಿರಬಹುದು. ಸದ್ದಿಲ್ಲ ಎಂಬ ಕಾರಣಕ್ಕೆ ಫಿಸ್ಟುಲಾ ಇಲ್ಲವೆನ್ನುವಂತಿಲ್ಲ.

ಒಂದು ಕಣ್ಣೋ ಎರಡೋ: ಥೈರಾಯ್ಡ್ ರೋಗ ಸಾಮಾನ್ಯವಾಗಿ ಎರಡೂ ಕಣ್ಣುಗಳಲ್ಲಿರುತ್ತದೆ, ಪ್ರಮಾಣದಲ್ಲಿ ಹೆಚ್ಚುಕಡಿಮೆ ಇರಬಹುದು. ಫಿಸ್ಟುಲಾ ಸಾಮಾನ್ಯವಾಗಿ ಒಂದೇ ಕಡೆ. ಇದು ಕಟ್ಟುನಿಟ್ಟಿನ ನಿಯಮವಲ್ಲ. ಎಡ ಬಲ ಸೈನಸ್‌ಗಳ ನಡುವೆ ಸಂಪರ್ಕವಿರುವುದರಿಂದ ಒಂದು ಕಡೆಯ ಫಿಸ್ಟುಲಾ ಎರಡೂ ಕಣ್ಣುಗಳನ್ನು, ಅಪರೂಪಕ್ಕೆ ಎದುರು ಕಡೆಯ ಕಣ್ಣನ್ನೇ ಕೆಂಪಾಗಿಸಬಲ್ಲದು.

ಎರಡಾಗಿ ಕಾಣುವುದು: ಥೈರಾಯ್ಡ್ ರೋಗದಲ್ಲಿ ಸ್ನಾಯು ಬಿಗಿದುಕೊಂಡು ಕಣ್ಣನ್ನು ಹಿಡಿದೆಳೆಯುತ್ತದೆ. ಕೆಳಗಿನ ಸ್ನಾಯು ಹೆಚ್ಚಾಗಿ ಬಾಧಿತವಾಗುವುದರಿಂದ ಮೇಲೆ ನೋಡಲು ಕಷ್ಟ. ಫಿಸ್ಟುಲಾದಲ್ಲಿ ಆರನೆಯ ನರ ಸೋತು ಕಣ್ಣು ಹೊರಗಡೆಗೆ ತಿರುಗದಿರುವುದು ಹೆಚ್ಚು. ಸ್ನಾಯು ಬಿಗಿದಿದೆಯೋ ನರ ಸೋತಿದೆಯೋ ಎಂಬುದನ್ನು ನೇತ್ರತಜ್ಞರು ಅರಿವಳಿಕೆ ಹನಿ ಹಾಕಿ ಕಣ್ಣನ್ನು ಮೆಲ್ಲಗೆ ಸರಿಸಿ ನೋಡಿ ನಿರ್ಧರಿಸುತ್ತಾರೆ.

ಆರಂಭ: ಥೈರಾಯ್ಡ್ ರೋಗ ವಾರ, ತಿಂಗಳುಗಳಲ್ಲಿ ಬೆಳೆಯುತ್ತದೆ. ನೇರ ಫಿಸ್ಟುಲಾದ ಲಕ್ಷಣಗಳು ಒಮ್ಮೆ ತಲೆದೋರಿದರೆ ಗಂಟೆ, ದಿನಗಳಲ್ಲೇ ಹೆಚ್ಚುತ್ತವೆ.

ಭ್ರಮೆ ಹುಟ್ಟಿಸುವ ಅಂಶಗಳು

ಮೊದಲನೆಯದು, ರಕ್ತಪರೀಕ್ಷೆ. ಥೈರಾಯ್ಡ್ ವರದಿ ಸಹಜವಾಗಿದ್ದ ಮಾತ್ರಕ್ಕೆ ಥೈರಾಯ್ಡ್ ನೇತ್ರರೋಗ ಇಲ್ಲವೆಂದಾಗುವುದಿಲ್ಲ. ಕಣ್ಣಿನ ಲಕ್ಷಣ ಮೊದಲು ಕಾಣಿಸಿ ಗ್ರಂಥಿಯ ಏರುಪೇರು ನಂತರ ಬರಬಹುದು. ಗ್ರಂಥಿಯ ಚಟುವಟಿಕೆ ಕಡಿಮೆ ಇರುವವರಲ್ಲೂ ಈ ರೋಗ ಕಾಣಬಹುದು. ಅದೇ ರೀತಿ ವರದಿ ಏರುಪೇರಾಗಿದ್ದ ಮಾತ್ರಕ್ಕೆ ಕಣ್ಣಿನ ತೊಂದರೆಗೆ ಅದೇ ಕಾರಣವೆಂದೂ ಆಗುವುದಿಲ್ಲ. ಥೈರಾಯ್ಡ್ ತೊಂದರೆ ನಮ್ಮಲ್ಲಿ, ಅದರಲ್ಲೂ ಮಧ್ಯವಯಸ್ಸಿನ ಮಹಿಳೆಯರಲ್ಲಿ ಬಹಳ ಸಾಮಾನ್ಯ. ಪರೋಕ್ಷ ಫಿಸ್ಟುಲಾ ಬರುವುದೂ ಹೆಚ್ಚಾಗಿ ಅದೇ ವಯೋಮಾನದ ಮಹಿಳೆಯರಲ್ಲಿ. ದಿನವೂ ಥೈರಾಯ್ಡ್ ಮಾತ್ರೆ ನುಂಗುವ ಗೃಹಿಣಿಗೆ ಫಿಸ್ಟುಲಾ ಆಗಬಾರದೆಂಬ ನಿಯಮವೇನಿಲ್ಲ. ಹಳೆಯ ವರದಿಯೊಂದು ಹೊಸ ರೋಗವನ್ನು ಮರೆಮಾಚುವ ಅಪಾಯ ಇಲ್ಲಿದೆ.

ಎರಡನೆಯದು, ಉರಿಯೂತದ ಅಂಕ. ಥೈರಾಯ್ಡ್ ನೇತ್ರರೋಗ ಎಷ್ಟು ಸಕ್ರಿಯವಾಗಿದೆ ಎಂದು ತಿಳಿಯಲು ವೈದ್ಯರು ಏಳು ಅಂಶಗಳಿಗೆ ಅಂಕ ನೀಡುತ್ತಾರೆ. ತಾನಾಗಿ ಬರುವ ನೋವು, ಕಣ್ಣು ಹೊರಳಿಸಿದಾಗಿನ ನೋವು, ರೆಪ್ಪೆಯ ಕೆಂಪು, ರೆಪ್ಪೆಯ ಊತ, ಬಿಳಿಭಾಗದ ಕೆಂಪು, ಬಿಳಿಭಾಗದ ಊತ, ಮೂಗಿನ ಬದಿಯ ಕಣ್ಣಂಚಿನ ಊತ, ಇವೇ ಆ ಏಳು. ಮೂರು ಅಥವಾ ಹೆಚ್ಚು ಅಂಕ ಬಂದರೆ ರೋಗ ಸಕ್ರಿಯ ಎಂದರ್ಥ. ಆದರೆ ಇವುಗಳಲ್ಲಿ ಬಹುತೇಕ ಅಂಶಗಳು ಫಿಸ್ಟುಲಾದಲ್ಲೂ ಇರುತ್ತವೆ. ಅಂಕಪಟ್ಟಿ ರೋಗದ ತೀಕ್ಷ್ಣತೆಯನ್ನು ಅಳೆಯುತ್ತದೆಯೇ ಹೊರತು ರೋಗ ಯಾವುದೆಂದು ಹೇಳುವುದಿಲ್ಲ.

ಮೂರನೆಯದು, ಕಣ್ಣಿನ ಒಳ ಒತ್ತಡ. ಎರಡೂ ಕಾಯಿಲೆಗಳಲ್ಲಿ ಇದು ಏರಬಹುದು. ಕೇವಲ ಗ್ಲಾಕೋಮಾ ಎಂದು ಹನಿಮದ್ದು ಆರಂಭಿಸಿ ಮೂಲ ಕಾರಣವನ್ನು ಮರೆಯುವ ಸಂಭವವಿದೆ. ಒತ್ತಡ ಅಳೆಯುವಾಗ ಉಪಕರಣದಲ್ಲಿ ಕಾಣುವ ರೇಖೆಗಳು ನಾಡಿಯೊಂದಿಗೆ ಅತಿಯಾಗಿ ತೂಗಾಡಿದರೆ ಅದು ಫಿಸ್ಟುಲಾದತ್ತ ಬೆರಳು ತೋರುತ್ತದೆ.

ಯಾವ ಪರೀಕ್ಷೆಗಳು ಅಗತ್ಯ?

ಕಣ್ಣು ಎಷ್ಟು ಮುಂದೆ ಬಂದಿದೆ ಎಂಬುದನ್ನು ಹರ್ಟೆಲ್ ಮಾಪಕದಿಂದ ಅಳೆಯುತ್ತಾರೆ. ಎರಡು ಕಣ್ಣುಗಳ ನಡುವೆ ಎರಡು ಮಿಲಿಮೀಟರ್‌ಗಿಂತ ಹೆಚ್ಚಿನ ವ್ಯತ್ಯಾಸ ಗಮನಾರ್ಹ. ರಕ್ತದಲ್ಲಿ ಟಿಎಸ್‌ಎಚ್, ಟಿ3, ಟಿ4 ಜೊತೆಗೆ ಟಿಎಸ್‌ಎಚ್ ಗ್ರಾಹಕದ ಪ್ರತಿಕಾಯಗಳನ್ನೂ ಪರೀಕ್ಷಿಸುವುದು ನೆರವಾಗುತ್ತದೆ.

ನಂತರದ ಹೆಜ್ಜೆ ಸಿ.ಟಿ. ಅಥವಾ ಎಂ.ಆರ್.ಐ. ಸ್ಕ್ಯಾನ್. ಥೈರಾಯ್ಡ್ ರೋಗದಲ್ಲಿ ಸ್ನಾಯುವಿನ ನಡುಭಾಗ ದಪ್ಪವಾಗಿ, ಅದು ಕಣ್ಣಿಗೆ ಅಂಟಿಕೊಳ್ಳುವ ತುದಿ ತೆಳ್ಳಗೇ ಉಳಿಯುವುದು ವಿಶಿಷ್ಟ ಚಿತ್ರ. ಫಿಸ್ಟುಲಾದಲ್ಲಿ ಆ ಕಡೆಯ ಸ್ನಾಯುಗಳೆಲ್ಲ ರಕ್ತ ತುಂಬಿ ಸಾಧಾರಣವಾಗಿ ಊದಿರುತ್ತವೆ. ಅದರೊಂದಿಗೆ ಕಣ್ಣಿನ ಮೇಲ್ಭಾಗದ ಅಭಿಧಮನಿ ಹಿಗ್ಗಿರುತ್ತದೆ, ಕ್ಯಾವರ್ನಸ್ ಸೈನಸ್ ಉಬ್ಬಿರುತ್ತದೆ. ಆದರೆ ಥೈರಾಯ್ಡ್ ರೋಗ ತೀವ್ರವಾದಾಗಲೂ ದಪ್ಪ ಸ್ನಾಯುಗಳ ಒತ್ತಡಕ್ಕೆ ಸಿಲುಕಿ ಆ ಅಭಿಧಮನಿ ಹಿಗ್ಗಬಹುದು. ಸ್ನಾಯು, ಅಭಿಧಮನಿ, ಸೈನಸ್ ಮೂರನ್ನೂ ಒಟ್ಟಾಗಿ ನೋಡಬೇಕು.

ಕಲರ್ ಡಾಪ್ಲರ್ ಅಲ್ಟ್ರಾಸೌಂಡ್ ಸರಳ ಹಾಗೂ ತುಲನೆಯಲ್ಲಿ ಅಗ್ಗದ ಪರೀಕ್ಷೆ. ಅಭಿಧಮನಿಯಲ್ಲಿ ರಕ್ತ ಹಿಮ್ಮುಖವಾಗಿ, ಅಪಧಮನಿಯ ಲಯದಲ್ಲಿ ಹರಿಯುವುದನ್ನು ಇದು ತೋರಿಸಬಲ್ಲದು. ವೇರಿಕ್ಸ್ ಅನುಮಾನವಿದ್ದಲ್ಲಿ ರೋಗಿ ಉಸಿರು ಬಿಗಿಹಿಡಿದು ಮುಕ್ಕಿದಾಗ ಸ್ಕ್ಯಾನ್ ಮಾಡಬೇಕಾಗುತ್ತದೆ. ಅಂತಿಮ ನಿರ್ಣಯಕ್ಕೆ ಮತ್ತು ಚಿಕಿತ್ಸೆಯ ಯೋಜನೆಗೆ ರಕ್ತನಾಳದೊಳಗೆ ಕೊಳವೆ ತೂರಿಸಿ ತೆಗೆಯುವ ಡಿ.ಎಸ್.ಎ. ಆಂಜಿಯೋಗ್ರಾಂ ಇಂದಿಗೂ ಪ್ರಮಾಣಭೂತ.

ಚಿಕಿತ್ಸೆ ಹೇಗೆ ಭಿನ್ನ?

ಥೈರಾಯ್ಡ್ ನೇತ್ರರೋಗದಲ್ಲಿ ಧೂಮಪಾನ ತ್ಯಜಿಸುವುದು, ಥೈರಾಯ್ಡ್ ಪ್ರಮಾಣವನ್ನು ಸಮಸ್ಥಿತಿಗೆ ತರುವುದು, ಕಣ್ಣು ಒಣಗದಂತೆ ಹನಿಮದ್ದು ಬಳಸುವುದು ಮೊದಲ ಹೆಜ್ಜೆ. ಸೌಮ್ಯ ರೋಗಕ್ಕೆ ಆರು ತಿಂಗಳ ಸೆಲೆನಿಯಂ ಪೂರಕವನ್ನು ವೈದ್ಯರು ಸೂಚಿಸಬಹುದು. ಸಕ್ರಿಯ ಮಧ್ಯಮ-ತೀವ್ರ ರೋಗಕ್ಕೆ ವಾರಕ್ಕೊಮ್ಮೆ ರಕ್ತನಾಳದ ಮೂಲಕ ಸ್ಟೆರಾಯ್ಡ್ ನೀಡುವ 12 ವಾರಗಳ ಕ್ರಮ ಪ್ರಚಲಿತ. ಅಮೆರಿಕದಲ್ಲಿ 2020ರ ಜನವರಿಯಲ್ಲಿ ಅನುಮೋದನೆ ಪಡೆದ ಟೆಪ್ರೊಟುಮುಮಾಬ್ ಔಷಧವೂ ಈ ರೋಗಕ್ಕೆ ಒಂದು ಚಿಕಿತ್ಸೆ. ಆದರೆ ಅದು ಬಹು ದುಬಾರಿ, ಶ್ರವಣದೋಷ ಹಾಗೂ ಸಕ್ಕರೆ ಏರಿಕೆಯಂಥ ಅಡ್ಡಪರಿಣಾಮಗಳೂ ಉಂಟು. ಗ್ರಂಥಿಗೆ ವಿಕಿರಣ ಅಯೋಡಿನ್ ಚಿಕಿತ್ಸೆ ಪಡೆಯುವವರಲ್ಲಿ ಕಣ್ಣಿನ ರೋಗ ಉಲ್ಬಣಿಸಬಹುದಾದ್ದರಿಂದ ಕಣ್ಣಿನ ಲಕ್ಷಣಗಳನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು. ದೃಷ್ಟಿನರದ ಮೇಲೆ ಒತ್ತಡ ಬಿದ್ದರೆ ಕಣ್ಣುಗುಳಿಯ ಎಲುಬು ತೆಗೆದು ಜಾಗ ಮಾಡುವ ಶಸ್ತ್ರಚಿಕಿತ್ಸೆ ಬೇಕಾಗಬಹುದು.

ಫಿಸ್ಟುಲಾದ ಚಿಕಿತ್ಸೆಯ ಗುರಿಯೇ ಬೇರೆ. ಕಿಂಡಿಯನ್ನು ಮುಚ್ಚಬೇಕು, ಮೆದುಳಿಗೆ ಹೋಗುವ ರಕ್ತ ನಿಲ್ಲಬಾರದು. ರಷ್ಯಾದ ಸೆರ್ಬಿನೆಂಕೊ 1970ರ ದಶಕದಲ್ಲಿ ರಕ್ತನಾಳದೊಳಗೆ ಸಣ್ಣ ಬಲೂನು ಕಳುಹಿಸಿ ಕಿಂಡಿ ಮುಚ್ಚುವ ವಿಧಾನವನ್ನು ಜಗತ್ತಿಗೆ ತೋರಿಸಿಕೊಟ್ಟರು. ಇಂದು ತೊಡೆಯ ಸಂದಿಯ ರಕ್ತನಾಳದ ಮೂಲಕ ಸೂಕ್ಷ್ಮ ಕೊಳವೆ ತೂರಿಸಿ ಲೋಹದ ಸುರುಳಿ, ಬಲೂನು ಅಥವಾ ಅಂಟುದ್ರವದಿಂದ ಮುಚ್ಚುತ್ತಾರೆ. ತಲೆಬುರುಡೆ ತೆರೆಯುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಪರೋಕ್ಷ ಫಿಸ್ಟುಲಾಗಳಲ್ಲಿ ಕೆಲವು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಹಾಗೆಂದು ನಿರ್ಲಕ್ಷಿಸುವಂತಿಲ್ಲ. ಹಿಮ್ಮುಖ ಹರಿವು ಮೆದುಳಿನ ಅಭಿಧಮನಿಗಳತ್ತ ತಿರುಗಿದರೆ ರಕ್ತಸ್ರಾವದ ಅಪಾಯವಿದೆ. ಕಾಯಬಹುದೇ ಬೇಡವೇ ಎಂಬುದನ್ನು ಆಂಜಿಯೋಗ್ರಾಂ ನೋಡಿದ ತಜ್ಞರೇ ನಿರ್ಧರಿಸಬೇಕು. ಕುತ್ತಿಗೆಯ ನಾಡಿ ಒತ್ತಿ ಗುಣಪಡಿಸುವ ಪ್ರಯತ್ನವನ್ನು ಯಾರೂ ಸ್ವತಃ ಮಾಡಬಾರದು.

ಅವಳಿನಗರದ ಸಂದರ್ಭದಲ್ಲಿ

ನೇರ ಫಿಸ್ಟುಲಾದ ಬೇರು ರಸ್ತೆಯಲ್ಲಿದೆ ಎಂಬುದನ್ನು ಹುಬ್ಬಳ್ಳಿ-ಧಾರವಾಡದ ಜನ ಮರೆಯಬಾರದು. 2021ರ ಜನವರಿಯಲ್ಲಿ ಧಾರವಾಡ ಸಮೀಪದ ಇಟಿಗಟ್ಟಿ ಬಳಿ ಸಂಭವಿಸಿದ ಭೀಕರ ದುರಂತ ಇಲ್ಲಿನ ಬೈಪಾಸ್ ರಸ್ತೆಯ ಅಪಾಯವನ್ನು ಇಡೀ ನಾಡಿಗೆ ತಿಳಿಸಿತು. ಸಾವು ತಪ್ಪಿಸಿಕೊಂಡವರ ಲೆಕ್ಕದಲ್ಲಿ ಕಣ್ಣು ಕಳೆದುಕೊಳ್ಳುವವರೂ ಇರುತ್ತಾರೆ. ದ್ವಿಚಕ್ರ ವಾಹನ ಸವಾರರಿಗೆ ಹೆಲ್ಮೆಟ್ ತಲೆಬುರುಡೆಗಷ್ಟೇ ಅಲ್ಲ, ದೃಷ್ಟಿಗೂ ರಕ್ಷಣೆ. ಅಪಘಾತದ ನಂತರ 'ಸ್ಕ್ಯಾನ್ ನಾರ್ಮಲ್' ಎಂದು ಮನೆಗೆ ಬಂದವರಲ್ಲಿ ವಾರಗಳ ಬಳಿಕ ಕಣ್ಣು ಕೆಂಪಾದರೆ ಅದನ್ನು ಹೊಸ ತೊಂದರೆಯೆಂದು ಭಾವಿಸದೆ, ಹಳೆಯ ಪೆಟ್ಟಿನ ವಿಷಯವನ್ನು ವೈದ್ಯರಿಗೆ ಅವಶ್ಯವಾಗಿ ಹೇಳಬೇಕು.

ಗದಗ, ಹಾವೇರಿ, ಬಾಗಲಕೋಟೆ, ಕೊಪ್ಪಳ, ಉತ್ತರ ಕನ್ನಡ ಜಿಲ್ಲೆಗಳ ರೋಗಿಗಳಿಗೂ ಅವಳಿನಗರವೇ ಆಸರೆ. 1957ರಲ್ಲಿ ಆರಂಭವಾಗಿ ಕಿಮ್ಸ್ ಎಂದೇ ಜನಜನಿತವಾದ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಧಾರವಾಡದ ಸತ್ತೂರಿನ ಎಸ್‌ಡಿಎಂ ವೈದ್ಯಕೀಯ ಕಾಲೇಜು, ಹುಬ್ಬಳ್ಳಿಯ ಡಾ. ಎಂ.ಎಂ. ಜೋಶಿ ನೇತ್ರ ಸಂಸ್ಥೆ ಇಲ್ಲಿವೆ. ರಕ್ತನಾಳದೊಳಗಿನ ನರ ಚಿಕಿತ್ಸೆಗೆ ರಾಜ್ಯದಲ್ಲಿ ಹೆಸರಾದ ಸರ್ಕಾರಿ ಸಂಸ್ಥೆ ಬೆಂಗಳೂರಿನ ನಿಮ್ಹಾನ್ಸ್. 2018ರಲ್ಲಿ ಜಾರಿಯಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ನೆರವು ತಮಗೆ ದೊರೆಯುವುದೇ ಎಂಬುದನ್ನು ಆಸ್ಪತ್ರೆಯ ಯೋಜನಾ ಕೌಂಟರಿನಲ್ಲಿ ಮೊದಲೇ ವಿಚಾರಿಸುವುದು ಒಳ್ಳೆಯದು.

ವೈದ್ಯರ ಬಳಿಗೆ ಹೋಗುವಾಗ

* ಎರಡು, ಮೂರು ವರ್ಷ ಹಿಂದಿನ ಮುಖದ ಭಾವಚಿತ್ರ ಒಯ್ಯಿರಿ. ಬದಲಾವಣೆ ಎಂದಿನಿಂದ ಎಂಬುದಕ್ಕೆ ಅದಕ್ಕಿಂತ ಉತ್ತಮ ಸಾಕ್ಷಿ ಇಲ್ಲ.
* ಕಳೆದ ಕೆಲ ತಿಂಗಳಲ್ಲಿ ತಲೆಗೆ ಪೆಟ್ಟು ಬಿದ್ದಿದ್ದರೆ, ಅದು ಚಿಕ್ಕದೆನಿಸಿದ್ದರೂ ಹೇಳಿರಿ.
* ನಿಶ್ಶಬ್ದ ಕೋಣೆಯಲ್ಲಿ ಕುಳಿತಾಗ ನಾಡಿಯ ಲಯದಲ್ಲಿ ಸದ್ದು ಕೇಳುತ್ತಿದೆಯೇ ಎಂಬುದನ್ನು ಗಮನಿಸಿ ತಿಳಿಸಿರಿ.
* ಬಗ್ಗಿದಾಗ ಕಣ್ಣು ಮುಂದೆ ಬರುವುದೇ ಎಂಬುದನ್ನು ಮನೆಯವರಿಂದ ನೋಡಿಸಿರಿ.
* ಈಗಾಗಲೇ ಬಳಸಿದ ಹನಿಮದ್ದು, ಮಾತ್ರೆಗಳ ಚೀಟಿಗಳನ್ನೆಲ್ಲ ತೋರಿಸಿರಿ.
* ಔಷಧ ಅಂಗಡಿಯಿಂದ ಸ್ಟೆರಾಯ್ಡ್ ಹನಿಮದ್ದು ತಂದು ಸ್ವಂತವಾಗಿ ಹಾಕಿಕೊಳ್ಳಬೇಡಿರಿ. ದೀರ್ಘ ಬಳಕೆಯಿಂದ ಕಣ್ಣಿನ ಒತ್ತಡ ಏರುತ್ತದೆ, ಪೊರೆ ಬರುತ್ತದೆ.

ವಿಳಂಬ ಸಲ್ಲದ ಲಕ್ಷಣಗಳು

ದೃಷ್ಟಿ ಮಂಜಾಗುವುದು ಅಥವಾ ಬಣ್ಣಗಳು ಮಾಸಿದಂತೆ ಕಾಣುವುದು, ರೆಪ್ಪೆ ಪೂರ್ತಿ ಮುಚ್ಚಲಾಗದಿರುವುದು, ಕಣ್ಣಿನೊಂದಿಗೆ ಜ್ವರ ಮತ್ತು ತೀವ್ರ ತಲೆನೋವು, ಅಪಘಾತದ ನಂತರ ಕಣ್ಣು ಊದಿ ಮಿಡಿಯುವುದು, ಒಮ್ಮೆಲೇ ಎರಡಾಗಿ ಕಾಣುವುದು. ಇವುಗಳಲ್ಲಿ ಯಾವುದೊಂದಿದ್ದರೂ ಅದೇ ದಿನ ಆಸ್ಪತ್ರೆ ಸೇರಬೇಕು.

ಎರಡು ವಾರಗಳಾದರೂ ಹನಿಮದ್ದಿಗೆ ಇಳಿಯದ ಕೆಂಪು ಕಣ್ಣು ಸಾಮಾನ್ಯ ಕಣ್ಣುಬೇನೆಯಲ್ಲ. ಥೈರಾಯ್ಡ್ ಇದ್ದವರ ಕಣ್ಣಿಗೆ ಬರುವ ತೊಂದರೆಯೆಲ್ಲ ಥೈರಾಯ್ಡ್‌ನದೂ ಅಲ್ಲ. ಚಿಕಿತ್ಸೆ ಆರಂಭಿಸಿಯೂ ಕಣ್ಣು ಸುಧಾರಿಸದಿದ್ದರೆ ಔಷಧದ ಪ್ರಮಾಣ ಹೆಚ್ಚಿಸುವ ಮುನ್ನ 'ರಕ್ತನಾಳದ ದೋಷವಿರಬಹುದೇ?' ಎಂಬ ಒಂದು ಪ್ರಶ್ನೆಯನ್ನು ವೈದ್ಯರ ಮುಂದಿಡುವುದು ರೋಗಿಯ ಹಕ್ಕು. ಸಕಾಲದಲ್ಲಿ ಗುರುತಿಸಿದರೆ ಎರಡೂ ಕಾಯಿಲೆಗಳಲ್ಲಿ ದೃಷ್ಟಿಯನ್ನು ಉಳಿಸಿಕೊಳ್ಳುವ ಅವಕಾಶ ಹೆಚ್ಚು.